ವಿಯೆಟ್ನಾಮಿನಲ್ಲಿ ಹೆಂಡತಿಯ ಪರವಾಗಿ ಕೊಟ್ಟ ಉತ್ತರಗಳು

ಕುಷ್ಟಗಿ ಬಿಡುವಾಗ

ವಿಯೆಟ್ನಾಂ ಹೇಗಿತ್ತು ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಹಿಂದೆಲ್ಲ ಆಗಿದ್ದರೆ ಅವರು ಕೇಳುವುದಕ್ಕೆ ಮುಂಚೆಯೇ ಹೇಳಿ ಮುಗಿಸಿರುತ್ತಿದ್ದೆ, ಜೊತೆಗೊಂದಿಷ್ಟು ಉಪ್ಪುಖಾರ ಸೇರಿಸಿ. ಈಗ "ಛಲೋ ಇತ್ರಿ" ಎಂದಷ್ಟೇ ಅಂದು ಗೊಬ್ಬರದ ಚೀಲ ಎಣಿಸುವವನಂತೆ ಆ ಕಡೆ ತಿರುಗುತ್ತೇನೆ. ಎದುರಿಗೆ ನಿಂತವರ ಮುಖ ನೋಡಿಕೊಂಡು ಹೇಳಲು ನಾಚಿಕೆ. ಬರೆಯುವಾಗ ಎದುರಿಗೆ ಮುಖ ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕುಷ್ಟಗಿಯಲ್ಲಿ ನನ್ನದು ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿ. ಎಣ್ಣೆ ಎಂದರೆ ಅಡುಗೆಯದಲ್ಲ, ಬೆಳೆಗೆ ಹೊಡೆಯುವ ಕೀಟನಾಶಕ. ನಮ್ಮ ಕಡೆ ಅದಕ್ಕೂ ಎಣ್ಣೆಯೆಂದೇ ಹೆಸರು. ಚೆನ್ನಾಗಿ ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯೊಂದು ಹೆಂಡಿರ ಸಮೇತ ವಿಯೆಟ್ನಾಮಿಗೆ ಕರೆದುಕೊಂಡು ಹೊರಟಿತ್ತು. ಗಂಗಾವತಿಯವರು, ಯಲಬುರ್ಗಾದವರು, ಹನುಮಸಾಗರದ ಮಲ್ಲಪ್ಪ, ನಾವು ಗಂಡಹೆಂಡತಿ, ಹೀಗೆ ಒಂದು ಬಸ್ಸಿನಷ್ಟು ಮಂದಿ.

ಮಲ್ಲಪ್ಪ ನನ್ನ ಹಳೆಯ ಗೆಳೆಯ. ಈ ಸಲ ಅವನು ಬರೀ ಗೆಳೆಯನಾಗಿರಲಿಲ್ಲ. ಅವನ ಅಕ್ಕನ ಮಗನಿಗೆ ನಮ್ಮ ಮಗಳು ಅಕ್ಷತಾಳನ್ನು ಕೇಳಿದ್ದರು. ಹುಡುಗ ಹೈಸ್ಕೂಲ್ ಮಾಸ್ತರ, ಮನೆತನ ಒಳ್ಳೆಯದು. ಹೆಣ್ಣು ನೋಡಿಕೊಂಡು ಹೋಗಿದ್ದರು, ಮಾತು ಮಾತ್ರ ಇನ್ನೂ ಮುಗಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಗಂಡಿನ ಕಡೆಯವರು ಬಾಯಿಬಿಟ್ಟು ಕೇಳದಿದ್ದರೂ, ಹೆಣ್ಣಿನ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಇದೆ ಎಂದು ಒಳಗೊಳಗೇ ವಿಚಾರಿಸುತ್ತಾರೆ. ಆದ್ದರಿಂದ ನಾನು ವಿಮಾನ ಹತ್ತುವ ಮೊದಲೇ ಅವನ ಕಿವಿಯಲ್ಲಿ ಹಾಕಿ ಇಟ್ಟಿದ್ದೆ. "ನಮ್ಮ ಮನ್ಯಾಗ ಒಬ್ಬರಿಗೂ ಬಿಪಿ ಇಲ್ಲ, ಶುಗರ್ ಇಲ್ಲ ನೋಡಪಾ. ಗಿರಿಜಾ ಅಂತೂ ಕಲ್ಲುಗುಂಡು ಇದ್ದಂಗ ಅದಾಳ."

ಗಿರಿಜಾ ನನ್ನ ಹೆಂಡತಿ. ಪಕ್ಕದಲ್ಲೇ ಕೂತು ರೊಟ್ಟಿ ಗಂಟು ಬಿಗಿಯುತ್ತಿದ್ದಳು. ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವುದೇ ಒಂದು ಯಾತ್ರೆ. ಮೋಟರ್ ಸೈಕಲ್‌ಗಳು ಜೇನುಹುಳ ಎದ್ದಂತೆ ಬರುತ್ತವೆ, ನಿಲ್ಲುವುದಿಲ್ಲ. ನಮ್ಮ ಗೈಡ್ ಹುಡುಗಿ ಲಿನ್ ಹೇಳಿಕೊಟ್ಟಳು: ಓಡಬೇಡಿ, ಹಿಂದೆ ಸರಿಯಬೇಡಿ, ಒಂದೇ ಸಮ ನಿಧಾನ ನಡೆಯಿರಿ, ಅವರೇ ಬಳಸಿಕೊಂಡು ಹೋಗುತ್ತಾರೆ. ನಾವೋ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಓಡಿ ದಾಟಿ ಬೆಳೆದವರು. ಅರ್ಧಕ್ಕೆ ಹೋಗಿ ಹೆದರಿ ವಾಪಸ್ ಓಡಿಬಂದ ನನ್ನನ್ನು ನೋಡಿ ಫುಟ್‌ಪಾತಿನ ಮಂದಿಯೆಲ್ಲ ನಕ್ಕರು. ಗಿರಿಜಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದನದ ಹಿಂಡು ದಾಟುವವಳಂತೆ ಆರಾಮಾಗಿ ಆಚೆ ಹೋಗಿ ನಿಂತಿದ್ದಳು.

ಅಲ್ಲಿಯ ಜನ ಫುಟ್‌ಪಾತಿನ ಮೇಲೆ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳಲ್ಲಿ ಕೂತು ಉಣ್ಣುತ್ತಾರೆ. ಯಲಬುರ್ಗಾದ ನಮ್ಮ ಜೊತೆಗಾರರೊಬ್ಬರು ಕೂತರು, ಸ್ಟೂಲು ಅಂಗಾತ ಆಯಿತು. ಎಲ್ಲದರಲ್ಲೂ ಮೀನಿನ ಸಾಸ್ ಇರುತ್ತದೆ ಎಂದು ಗೊತ್ತಾದ ಮೇಲೆ ನಾವು ಹೋಟೆಲ್ ಕೋಣೆಯಲ್ಲಿ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಲಿನ್‌ಗೂ ಕೊಟ್ಟೆವು. ಹಪ್ಪಳದ ಹಾಗೆ ಕಟಕಟ ಕಡಿದು ತಿಂದು, ಚಟ್ನಿಗೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೂ ಬೇಕೆಂದಳು.

ಪಾಸ್‌ಪೋರ್ಟುಗಳನ್ನು ನೋಡಿದ ಲಿನ್‌ಗೆ ಒಂದು ಅನುಮಾನ ಬಂದಿತ್ತು. ನಮ್ಮಲ್ಲಿ ಬಹಳ ಮಂದಿ ಜೂನ್ ಒಂದರಂದೇ ಹುಟ್ಟಿದವರು. ಇದು ನಿಮ್ಮ ಊರಿನ ಹಬ್ಬವೇ ಎಂದು ಕೇಳಿದಳು. ಶಾಲೆಗೆ ಹಾಕುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್ ಮಾಸ್ತರರು ಅದೇ ದಿನ ಬರೆದುಕೊಂಡರು ಎಂದು ನಾನು ಮಲ್ಲಪ್ಪನ ಇಂಗ್ಲಿಷಿನಲ್ಲಿ ಹೇಳಿಸಿದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. "ಹಾಗಾದರೆ ನಿಮ್ಮ ನಿಜವಾದ ವಯಸ್ಸು?" ಅಂದಳು. ನಾವೆಲ್ಲ ದೊಡ್ಡ ಜೋಕು ಕೇಳಿದವರಂತೆ ನಕ್ಕೆವು.

ಹೋಯ್ ಆನ್

ಹೋಯ್ ಆನ್‌ನಲ್ಲಿ ತೆಂಗಿನ ಜಾತಿಯ ಗಿಡಗಳು ನೀರೊಳಗೇ ಬೆಳೆದಿವೆ. ಅವುಗಳ ನಡುವೆ ದುಂಡನೆಯ ಬಿದಿರಿನ ತೆಪ್ಪಗಳಲ್ಲಿ ತಿರುಗಾಡಿಸುತ್ತಾರೆ. ನೋಡಿದ ಕೂಡಲೇ ಗಂಗಾವತಿಯವರು "ಏ, ಇದು ನಮ್ಮ ಸಾಣಾಪುರದ್ದ!" ಎಂದು ಕೂಗಿದರು. ಗಂಗಾವತಿ ಹತ್ತಿರದ ಸಾಣಾಪುರದ ಕೆರೆಯಲ್ಲಿ ಕೂತು ಬಂದ ಹರಿಗೋಲನ್ನೇ ನೋಡಲು ಇಷ್ಟು ದೂರ ಬಂದೆವಲ್ಲ ಎಂದು ಒಬ್ಬರನ್ನೊಬ್ಬರು ಕಿಚಾಯಿಸಿಕೊಂಡೆವು. ವ್ಯತ್ಯಾಸವಿಷ್ಟೇ, ಅಲ್ಲಿ ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿ, ಅಂಬಿಗ ತೆಪ್ಪವನ್ನು ಬುಗುರಿಯ ಹಾಗೆ ತಿರುಗಿಸುತ್ತಾನೆ. ಮಂದಿ ಚಪ್ಪಾಳೆ ತಟ್ಟುತ್ತಾರೆ.

ನಮ್ಮ ತೆಪ್ಪದಲ್ಲಿ ಗಿರಿಜಾ, ನಾನು, ಮಲ್ಲಪ್ಪ ಇದ್ದೆವು. ಒಂದು ಸುತ್ತು ತಿರುಗಿದ್ದಕ್ಕೇ ಗಿರಿಜಾ "ಸಾಕ್ರಿ, ಬ್ಯಾಡ" ಅಂದಳು. ಅಂಬಿಗನಿಗೆ ಕನ್ನಡ ಬಾರದಿದ್ದರೂ ಮುಖ ನೋಡಿ ತಿಳಿಯಿತು. "ಮೇಡಂ ಓಕೆ?" ಎಂದು ಕೇಳಿದ. ನಾನು "ಓಕೆ, ಓಕೆ, ಮೋರ್!" ಎಂದು ಕೈ ತಿರುಗಿಸಿ ತೋರಿಸಿದೆ. ಅವನು ತಿರುಗಿಸಿದ. ಗಿರಿಜಾ ಪಕ್ಕಕ್ಕೆ ಜಾರಿದಳು. ದಂಡೆಯಲ್ಲಿ ತೆಪ್ಪ ಕಟ್ಟಲು ಹುಗಿದ ಕಂಬಕ್ಕೆ ಅವಳ ತಲೆ ಠಣ್ಣೆಂದು ಬಡಿಯಿತು.

ರಕ್ತ ಬರಲಿಲ್ಲ. ಕಿವಿಯ ಮೇಲೆ ಬಾರೆಹಣ್ಣಿನಷ್ಟು ಬಾವು ಬಂದಿತ್ತು. "ಏನೂ ಆಗಿಲ್ಲ ಬಿಡ" ಎಂದೆ. ಅಂಬಿಗ ಪಾಪ ಕೈ ಮುಗಿಯುತ್ತಲೇ ಇದ್ದ. ಬಸ್ಸಿನಲ್ಲಿ ಗಿರಿಜಾ ಒಂದು ಸಲ ವಾಂತಿ ಮಾಡಿಕೊಂಡಳು. ತೆಪ್ಪ ತಿರುಗಿದ್ದಕ್ಕೆ ಆಗಿದೆ ಎಂದು ನಾನೇ ತೀರ್ಮಾನ ಕೊಟ್ಟೆ. ಲಿನ್ ಮಾತ್ರ ಒಪ್ಪಲಿಲ್ಲ. ತಲೆಗೆ ಏಟು ಬಿದ್ದು ವಾಂತಿಯಾದರೆ ಆಸ್ಪತ್ರೆಗೆ ಹೋಗಲೇಬೇಕೆಂದು ಬಸ್ಸನ್ನು ದಾ ನಾಂಗ್ ಪೇಟೆಯ ಕಡೆ ತಿರುಗಿಸಿಬಿಟ್ಟಳು.

ದಾ ನಾಂಗ್, ಆಸ್ಪತ್ರೆಯ ಒಳಗೆ

ನಮ್ಮಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಊರೇ ಮಂಚದ ಸುತ್ತ ನಿಲ್ಲುತ್ತದೆ. ಡಾಕ್ಟರು ರೋಗಿಯನ್ನು ಕೇಳಿದ್ದಕ್ಕೆ ಸುತ್ತ ನಿಂತವರೆಲ್ಲ ಉತ್ತರ ಹೇಳುತ್ತಾರೆ. ಹಾಗೆ ಹೇಳದಿದ್ದರೆ ಇವರಿಗೆ ಪ್ರೀತಿಯಿಲ್ಲ ಅನ್ನುತ್ತಾರೆ. ದಾ ನಾಂಗ್‌ನಲ್ಲೂ ಅದನ್ನೇ ಮಾಡಿದೆವು. ಬಸ್ಸಿನ ಅರ್ಧ ಮಂದಿ ಒಳಗೆ ನುಗ್ಗಿದರು. ಕಾವಲುಗಾರ ಎಲ್ಲರನ್ನೂ ಹೊರಗೆ ಹಾಕಿದಾಗ, "ಇವರು ನಮ್ಮ ಬೀಗರಾಗೋರು, ಇಂಗ್ಲಿಷ್ ಬರ್ತೈತಿ" ಎಂದು ಮಲ್ಲಪ್ಪನನ್ನು ನಾನೇ ಕೈ ಹಿಡಿದು ಒಳಗೆ ಎಳೆದುಕೊಂಡೆ. ನನ್ನ ಇಂಗ್ಲಿಷ್ ಎಣ್ಣೆ ಬಾಟಲಿಯ ಮೇಲಿನ ಚೀಟಿ ಓದುವಷ್ಟು.

ಡಾಕ್ಟರ್ ನಮ್ಮ ಅಕ್ಷತಾಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿದ್ದಾಳು. ಮಂಚದ ಪಕ್ಕಕ್ಕೆ ಗಾಲಿ ಇದ್ದ ಕಂಪ್ಯೂಟರ್ ತಳ್ಳಿಕೊಂಡು ಬಂದಳು. ಅದರಲ್ಲಿ ಒಂದರ ಕೆಳಗೊಂದು ಪ್ರಶ್ನೆ. ಉತ್ತರ ತುಂಬಿದ ಹಾಗೆ ಅದು ಮುಂದೇನು ಮಾಡಬೇಕೆಂದು ಸಲಹೆ ಕೊಡುತ್ತದೆ, ಕೊನೆಯ ತೀರ್ಮಾನ ತನ್ನದು ಎಂದು ಲಿನ್ ಮೂಲಕ ವಿವರಿಸಿದಳು. ಕೇಳಿದ್ದೆಲ್ಲ ಗಿರಿಜಾಳನ್ನು. ಹೇಳಿದ್ದೆಲ್ಲ ನಾನು.

ವಯಸ್ಸು? ಪಾಸ್‌ಪೋರ್ಟಿನಲ್ಲಿದ್ದದ್ದು. ತೂಕ? ಮಲ್ಲಪ್ಪನ ಕಡೆ ನೋಡಿ ಒಂದು ಅಂದಾಜು ಹೇಳಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಫಿಟ್ಸ್? ಇಲ್ಲ, ಇಲ್ಲ, ಇಲ್ಲ. ದಿನಾ ತಗೊಳ್ಳುವ ಮಾತ್ರೆ? "ನೋ ಟ್ಯಾಬ್ಲೆಟ್! ಶೀ ಈಸ್ ಸ್ಟ್ರಾಂಗ್!" ರಕ್ತ ತೆಳು ಮಾಡುವ ಮಾತ್ರೆ ಏನಾದರೂ? ಆ ಪ್ರಶ್ನೆಯನ್ನು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ನಾನು ನಕ್ಕುಬಿಟ್ಟೆ. ಗಿರಿಜಾ ಬಾಯಿ ತೆರೆದಂತಾಯಿತು. ಮಲ್ಲಪ್ಪನನ್ನು ನೋಡಿ ಮುಚ್ಚಿಕೊಂಡಳು. ತಲೆ ನೋಯುತ್ತಿರಬೇಕು ಎಂದುಕೊಂಡೆ.

ಪರದೆಯ ಮೇಲೆ ಹಸಿರು ಬಂತು. ಒಂದೇ ವಾಂತಿ, ವಯಸ್ಸು ಹೆಚ್ಚಲ್ಲ, ಪ್ರಜ್ಞೆ ಸರಿಯಿದೆ, ಬೇರೆ ಕಾಯಿಲೆಯಿಲ್ಲ, ಮಾತ್ರೆಯಿಲ್ಲ. ಈಗಲೇ ಸ್ಕ್ಯಾನ್ ಬೇಕಿಲ್ಲ, ಸ್ವಲ್ಪ ಹೊತ್ತು ನೋಡಿಕೊಂಡು ಹೋಟೆಲ್ಲಿಗೆ ಕಳಿಸಬಹುದು ಎಂದು ಸಲಹೆ. "ಹೇಳಿದ್ನಿಲ್ಲ?" ಎಂದು ಮಲ್ಲಪ್ಪನ ಬೆನ್ನು ತಟ್ಟಿದೆ. ಪರೀಕ್ಷೆಯಲ್ಲಿ ನಾನೇ ಪಾಸಾದಂತಿತ್ತು.

ಆದರೆ ಡಾಕ್ಟರ್ ಅಷ್ಟಕ್ಕೇ ಮುಗಿಸಲಿಲ್ಲ. ಉತ್ತರಗಳನ್ನು ರೋಗಿಯೇ ಹೇಳಬೇಕು, ಅದೂ ಒಬ್ಬಳೇ ಇದ್ದಾಗ, ಅವಳ ಭಾಷೆಯಲ್ಲೇ ಎಂದಳು. ಇಲ್ಲಿಯವರೆಗೆ ಹೇಳಿದವರು ಯಾರು ಎಂದು ಬರೆಯುವಲ್ಲಿ ಅವಳು 'ಗಂಡ' ಎಂದು ಬರೆದಿದ್ದಾಳಂತೆ. ಅದರಿಂದ ಅವಳಿಗೆ ಸಮಾಧಾನವಿಲ್ಲ. ನಾನು ಸಿಟ್ಟಿಗೆದ್ದೆ. "ಅಕಿಗೇನು ಗೊತ್ತೈತಿ? ಎಲ್ಲಾ ನನಗ ಗೊತ್ತೈತಿ" ಎಂದು ಕನ್ನಡದಲ್ಲೇ ಕೂಗಾಡಿದೆ. ಫೋನಿನಲ್ಲಿ ಯಾರೋ ಕನ್ನಡ ಬಲ್ಲ ಹೆಣ್ಣುಮಗಳನ್ನು ಹಿಡಿದರು. ಮೈಸೂರು ಕಡೆಯ ಕನ್ನಡ. "ನಮಸ್ಕಾರ ಅಮ್ಮ, ಹೇಗಿದ್ದೀರಾ?" ಎಂದದ್ದು ಕೇಳಿಸಿತು. ಬಾಗಿಲು ಮುಚ್ಚಿತು.

ದಾ ನಾಂಗ್, ಬಾಗಿಲ ಹೊರಗೆ

ಮಲ್ಲಪ್ಪ, ನಾನು ಹೊರಗಿನ ಕುರ್ಚಿಯಲ್ಲಿ ಕೂತೆವು. ಅಲ್ಲಿಯ ಜನ ಆಸ್ಪತ್ರೆಯಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಾರೆ. ನಾನು ನಮ್ಮ ಕಡೆ ಡಾಕ್ಟರುಗಳು ನಾಡಿ ಹಿಡಿದೇ ಹೇಳುತ್ತಾರೆ, ಇವರಿಗೆ ಕಂಪ್ಯೂಟರ್ ಇಲ್ಲದೆ ಕೆಮ್ಮೂ ತಿಳಿಯುವುದಿಲ್ಲ ಎಂದು ದೊಡ್ಡ ದನಿಯಲ್ಲಿ ಆಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಇಬ್ಬರು ನರ್ಸ್‌ಗಳು ಗಿರಿಜಾಳ ಮಂಚವನ್ನು ತಳ್ಳಿಕೊಂಡು ಓಡುನಡಿಗೆಯಲ್ಲಿ ಹೋದರು. ಡಾಕ್ಟರ್ ಹಿಂದೆಯೇ ಹೋದಳು. ನಾನೂ ಎದ್ದು ಹಿಂದೆ ಓಡಿದೆ. ಏನಾಯಿತೆಂದು ಕೇಳಿದರೆ "ಸ್ಕ್ಯಾನ್" ಎಂದಷ್ಟೇ ಅಂದರು. ಈಗ ತಾನೇ ಬೇಡ ಎಂದಿದ್ದರಲ್ಲ? ಲಿನ್ ಒಳಗೆ ಹೋಗಿ ಬಂದು ನನ್ನ ಮುಖ ನೋಡಲಾರದೆ ನೆಲ ನೋಡಿದಳು.

"ಮೇಡಂ ಹೇಳಿದ್ದನ್ನು ನಿಮಗೆ ತಿಳಿಸುವಂತಿಲ್ಲ," ಅಂದಳು.

"ನಾನು ಗಂಡ!"

"ಹೌದು. ಗಂಡನಿಗೆ ತಿಳಿಸಬಹುದೇ ಎಂದು ಡಾಕ್ಟರ್ ಕೇಳಿದ್ದಾರೆ. ಬೇಡ ಅಂದರಂತೆ. ಗಂಗಾವತಿಯಲ್ಲಿರುವ ತಂಗಿಗೆ ತಿಳಿಸಿ ಎಂದು ನಂಬರ್ ಕೊಟ್ಟಿದ್ದಾರೆ."

ಮಲ್ಲಪ್ಪನ ಎದುರಿಗೇ ಇದನ್ನು ಕೇಳಬೇಕಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವನು ಒಳ್ಳೆಯವನು, ಕೆಮ್ಮಿದಂತೆ ಮಾಡಿ, "ನಾ ಹೊರಗ ಇರ್ತೀನಿ ಅಣ್ಣಾ" ಎಂದು ಎದ್ದುಹೋದ. ಗಿರಿಜಾಳ ತಂಗಿ ನೀಲಾಗೆ ಫೋನ್ ಹಚ್ಚಿದೆ. "ಅಕ್ಕ ಹೇಳು ಅಂದಿಲ್ಲರೀ ಮಾವಾ, ನಾ ಹ್ಯಾಂಗ ಹೇಳ್ಲಿ?" ಎಂದು ಅವಳು ಅತ್ತಳೇ ಹೊರತು ಬಾಯಿ ಬಿಡಲಿಲ್ಲ.

ಯಾವ ಹೊತ್ತಿಗೂ ಬಾಯಿ ಮುಚ್ಚದ ನಾನು ಆ ಕುರ್ಚಿಯಲ್ಲಿ ಹಿಡಿಯಷ್ಟಾಗಿ ಕೂತೆ. ಒಳಗಿರುವವಳು ನನ್ನ ಹೆಂಡತಿ. ಅವಳಿಗೆ ಏನಾಗಿದೆ ಎಂದು ವಿಯೆಟ್ನಾಮಿನ ಡಾಕ್ಟರಿಗೆ ಗೊತ್ತು, ಫೋನಿನ ಆ ಮೈಸೂರಿನ ಹೆಣ್ಣುಮಗಳಿಗೆ ಗೊತ್ತು, ಗಂಗಾವತಿಯಲ್ಲಿ ಗೊತ್ತು. ನನಗೆ ಗೊತ್ತಿಲ್ಲ. ಅವಳು ಬದುಕುತ್ತಾಳೋ ಇಲ್ಲವೋ ಎಂಬ ಹೆದರಿಕೆ ಒಂದು ಕಡೆ, ಈ ನಾಚಿಕೆ ಒಂದು ಕಡೆ. ನಿಜ ಹೇಳಬೇಕೆಂದರೆ ಮೊದಲು ಸ್ವಲ್ಪ ಹೊತ್ತು ನಾಚಿಕೆಯೇ ಹೆಚ್ಚಿತ್ತು. ಅದನ್ನು ನೆನೆದರೆ ಈಗ ಇನ್ನಷ್ಟು ನಾಚಿಕೆಯಾಗುತ್ತದೆ.

ದಾ ನಾಂಗ್, ಕಿಟಕಿಯ ಪಕ್ಕ

ತಲೆಯೊಳಗೆ ಒಂದು ಕಡೆ ಸಣ್ಣಗೆ ರಕ್ತ ಜಿನುಗಿತ್ತು. ರಕ್ತ ಹೆಪ್ಪುಗಟ್ಟುವಂತೆ ಔಷಧಿ ಕೊಟ್ಟರು. ಮರುದಿನ ಮತ್ತೆ ಸ್ಕ್ಯಾನ್ ಮಾಡಿ, ಜಿನುಗುವುದು ನಿಂತಿದೆ, ಆಪರೇಷನ್ ಬೇಡ ಅಂದರು. ಹೋಟೆಲ್ಲಿಗೆ ಹೋಗಿ ಮಲಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ. ಬಸ್ಸಿನವರು ಬೇರೆ ಗೈಡ್ ಜೊತೆ ಮುಂದಿನ ಊರಿಗೆ ಹೋದರು, ಲಿನ್ ನಮ್ಮ ಜೊತೆ ಉಳಿದಳು. ತಾನೂ ಉಳಿಯುತ್ತೇನೆಂದ ಮಲ್ಲಪ್ಪನನ್ನು ನಾನೇ ಒತ್ತಾಯ ಮಾಡಿ ಕಳಿಸಿದೆ.

ಅವನು ಹೋದನೆಂದು ಖಾತ್ರಿಯಾದ ಮೇಲೆ ಗಿರಿಜಾ ಮಾತಾಡಿದಳು. ಕಿಟಕಿಯ ಆಚೆ ಸಮುದ್ರ ಕಾಣುತ್ತಿತ್ತು, ಅದನ್ನೇ ನೋಡುತ್ತ ಹೇಳಿದಳು.

"ಎದಿ ಬಡಿತ ತಪ್ಪತಿತ್ರಿ. ನೀಲಾನ ಮನಿಗೆ ಹೋದಾಗ ಒಮ್ಮೆ ಕಣ್ಣು ಕತ್ತಲಿ ಬಂತು. ಅಕೀನ ಡಾಕ್ಟರ್ ಕಡೆ ಕರಕೊಂಡು ಹೋದ್ಲು. ರಕ್ತ ತೆಳು ಮಾಡೋ ಗುಳಿಗಿ ಕೊಟ್ಟಾರ. ಬಿಡಬಾರದು ಅಂದಾರ."

ಆ ಗುಳಿಗೆಗಳನ್ನು ವಿಭೂತಿಯ ಚೀಲದಲ್ಲಿಟ್ಟುಕೊಂಡು ವಿಯೆಟ್ನಾಂವರೆಗೆ ತಂದಿದ್ದಳು. ದಿನಾ ನನ್ನ ಎದುರಿಗೇ ಆ ಚೀಲ ಬಿಚ್ಚುತ್ತಿದ್ದಳು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಸಂಜಿ ಆಗೋದ್ರಾಗ ಬಸ್ ಸ್ಟ್ಯಾಂಡಿಗೆಲ್ಲಾ ಗೊತ್ತಾಕ್ಕಿತ್ತು. ನೀಲಾನ ಗರ್ಭಚೀಲ ತೆಗದಾಗ ಏನ್ ಮಾಡಿದ್ರಿ? ಗೊಬ್ಬರಕ್ಕ ಬಂದೋರಿಗೆಲ್ಲಾ ಹೇಳಿದ್ರಿ. ಅಕಿ ಗಂಡ ಅವರ ಊರಾಗ ಅದನ್ನ ಬ್ಯಾರೆಯವರ ಬಾಯಾಗ ಕೇಳಿದ. ಈಗ ಮಗಳ ಮಾತು ನಡದೈತಿ. ತಾಯಿಗೆ ಹಾರ್ಟ್ ಐತಿ ಅಂತ ಗೊತ್ತಾದ್ರ?"

"ಅಷ್ಟಕ್ಕ ಜೀವಾ ಕಳಕೊಳ್ಳಾಕ ತಯಾರಾಗಿದ್ದೆ ಏನು?"

"ನಾ ಹೇಳಾಕ ಬಾಯಿ ತೆಗದಿದ್ನಿ. ನೀವು ಮಲ್ಲಪ್ಪನವರನ್ನ ಕರಕೊಂಡು ಬಂದು ನಿಲ್ಲಿಸಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹವಾಮಾನದ ವರದಿ ಹೇಳುವವಳಂತೆ ಹೇಳಿದಳು. ನನ್ನ ಬಾಯಿಗೆ ಹೆದರಿ ತನ್ನ ಎದೆಯ ಬಡಿತವನ್ನೇ ಬಚ್ಚಿಟ್ಟುಕೊಂಡು, ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದಿದ್ದಾಳೆ. ನಾನು ಅಳುತ್ತಿದ್ದೇನೆಂದು ಅವಳಿಗೆ ಗೊತ್ತಾಗಿ, ಲಿನ್ ಬಂದಾಳು, ಮುಖ ತೊಳೆದುಕೊಳ್ಳಿ ಅಂದಳು.

ಈ ಬರಹವನ್ನೂ ಅವಳಿಗೆ ಓದಿ ಹೇಳಿದ್ದೇನೆ. ಎರಡು ಕಡೆ ಹೊಡೆದು ಹಾಕಿಸಿದಳು, ಉಳಿದದ್ದಕ್ಕೆ ಒಪ್ಪಿದಳು.

ಬಿಡುಗಡೆಯ ಮೊದಲು ಡಾಕ್ಟರ್ ಆ ಕಂಪ್ಯೂಟರನ್ನು ಮತ್ತೆ ತಳ್ಳಿಕೊಂಡು ಬಂದಳು. ಗಿರಿಜಾಳ ಒಪ್ಪಿಗೆ ಕೇಳಿ, ನನಗೂ ಪರದೆ ತೋರಿಸಿದಳು. ಉಳಿದ ಉತ್ತರಗಳೆಲ್ಲ ಹಾಗೇ ಇದ್ದವು, ಹೃದಯದ್ದು, ಮಾತ್ರೆಯದು, ಎರಡು ಮಾತ್ರ ಬದಲಾಗಿದ್ದವು. ಅಷ್ಟಕ್ಕೇ ಹಸಿರು ಹೋಗಿ ಕೆಂಪಾಗಿತ್ತು: ಕೂಡಲೇ ಸ್ಕ್ಯಾನ್ ಮಾಡಿ. ಎಷ್ಟೋ ಡಾಕ್ಟರುಗಳು ಎಷ್ಟೋ ರೋಗಿಗಳಿಂದ ಕಲಿತದ್ದು ಇದರಲ್ಲಿದೆ, ಆದರೆ ಈ ಮಂಚದ ಮೇಲೆ ಮಲಗಿದವರ ಬಗ್ಗೆ ನಾವು ತುಂಬಿದ್ದಷ್ಟೇ ಇದಕ್ಕೆ ಗೊತ್ತು ಎಂದಳು. ಅವಳ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ.

ನನಗೆ ಮಾತ್ರ ನನ್ನ ಅಂಗಡಿ ಕಣ್ಣ ಮುಂದೆ ಬಂತು. ರೈತ ಸುಟ್ಟ ಎಲೆ ಹಿಡಿದುಕೊಂಡು ಬರುತ್ತಾನೆ. ಮೊದಲು ಏನು ಹೊಡೆದಿ ಎಂದು ಕೇಳುತ್ತೇನೆ. ಬೇರೆ ಅಂಗಡಿಯಿಂದ ಒಯ್ದಿದ್ದನ್ನು ಹೇಳಲು ನಾಚಿಕೊಂಡು "ಏನೂ ಹೊಡದಿಲ್ರಿ" ಅನ್ನುತ್ತಾನೆ. ನಾನು ಅದನ್ನು ನಂಬಿ ಎಣ್ಣೆ ಕೊಟ್ಟರೆ ಇದ್ದ ಬೆಳೆಯೂ ಹೋಗುತ್ತದೆ. ಎಷ್ಟು ಜನರಿಗೆ ನಾಲ್ಕು ಮಂದಿಯ ಎದುರಿಗೆ ಬೈದಿಲ್ಲ, "ಖರೇ ಹೇಳದಿದ್ರ ನಾ ಏನು ದೇವರೇನು?" ಎಂದು! ಆ ರೈತ ತನ್ನ ಹೊಲದ ಬಗ್ಗೆಯಾದರೂ ತಿಳಿದು ಸುಳ್ಳು ಹೇಳುತ್ತಿದ್ದ. ನಾನು ತಿಳಿಯದೆ, ಎದೆ ತಟ್ಟಿಕೊಂಡು ಹೇಳಿದ್ದೆ.

ಗಂಗಾವತಿ

ಊರಿಗೆ ಬಂದ ಮೇಲೆ ಗಿರಿಜಾ ನನ್ನನ್ನು ಕೇಳದೆ ಒಂದು ಕೆಲಸ ಮಾಡಿದಳು. ಹನುಮಸಾಗರಕ್ಕೆ ಹೋಗಿ ಮಲ್ಲಪ್ಪನ ಅಕ್ಕನ ಎದುರು ಕೂತು ತನ್ನ ಎದೆಯ ವಿಷಯ ತಾನೇ ಹೇಳಿ ಬಂದಳು. ಆಕೆ "ಅದಕ್ಕೇನ್ರಿ ಬೀಗತಿ, ಗುಳಿಗಿ ಬಿಡಬ್ಯಾಡ್ರಿ" ಎಂದು ಊಟ ಹಾಕಿ ಕಳಿಸಿದರಂತೆ. ಅಕ್ಷತಾಳ ಮದುವೆ ನಿಶ್ಚಯವಾಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ನನಗೂ ಸಂತೋಷವೇ. ಆದರೆ ಲೆಕ್ಕ ಹಾಕಿ ನೋಡಿದರೆ ಅವಳು ಬಚ್ಚಿಡಬೇಕಾಗಿದ್ದದ್ದು ಬೀಗರಿಂದಲ್ಲ, ನನ್ನಿಂದ ಮಾತ್ರ ಎಂದಾಯಿತು.

ಮುಂದಿನ ತಪಾಸಣೆಗೆ ಗಂಗಾವತಿಗೆ ನಾನೇ ಗಾಡಿ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಭತ್ತದ ನಾಟಿ ನಡೆದಿತ್ತು. ವಿಯೆಟ್ನಾಮಿನ ಗದ್ದೆಗಳ ಸುದ್ದಿ ತೆಗೆಯಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆಸ್ಪತ್ರೆಯಲ್ಲಿ ಹೆಸರು ಕೂಗಿದಾಗ ಇಬ್ಬರೂ ಎದ್ದೆವು. ಅವಳು ತಿರುಗಿ ನೋಡಿದಳು. ನಾನು ಕೂತುಬಿಟ್ಟೆ.

ಬಾಗಿಲಿನ ಸಂದಿಯಿಂದ ಅವಳ ದನಿ ಕೇಳಿಸುತ್ತಿತ್ತು. ಬೆಳಿಗ್ಗೆ ಏಳುವಾಗ ಹೇಗಾಗುತ್ತದೆ, ಮೆಟ್ಟಿಲು ಹತ್ತಿದರೆ ಏನಾಗುತ್ತದೆ, ಎಂದಿನಿಂದ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅಷ್ಟು ಹೊತ್ತು ತಡೆಯಿಲ್ಲದೆ ಅವಳು ಮಾತಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಕಿವಿ ತಾನಾಗಿಯೇ ಬಾಗಿಲ ಕಡೆ ಹೊರಳಿತು. ಹಾಗೆ ಹೊರಳಿದ್ದು ನನಗೇ ಗೊತ್ತಾಗಿ ಎದ್ದು ರಸ್ತೆ ದಾಟಿ ಚಹಾದ ಅಂಗಡಿಗೆ ಹೋದೆ.

ಗಿರಿಜಾ ಹುಡುಕಿಕೊಂಡು ಬಂದಳು. ನನ್ನ ಕೈಯಲ್ಲಿದ್ದ ಚಹಾ ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಗುಳಿಗಿ ಬದಲಿ ಮಾಡ್ಯಾರ," ಅಂದಳು. "ಒಂದ್ ವರ್ಷ ನೋಡೂಣು ಅಂದಾರ."

ನಾನು ಏನೂ ಕೇಳಲಿಲ್ಲ. ಅವಳು ಇನ್ನೊಂದು ಗುಟುಕು ಕುಡಿದಳು.

"ಯಜಮಾನ್ರು ಬಂದಾರೇನ್ರಿ ಅಂತ ಡಾಕ್ಟರ್ ಕೇಳಿದ್ರು."

"ಏನಂದಿ?"

"ಬಂದಿಲ್ಲ ಅಂದೆ."

ಅವಳ ಎದುರಿಗೇ ನಿಂತಿದ್ದೆ. ಗಾಡಿಯ ಕೀಲಿ ನನ್ನ ಕೈಯಲ್ಲೇ ಇತ್ತು. ಆದರೆ ಅವಳ ಎದೆಯ ಬಡಿತ ತಪ್ಪಿದಾಗಿನಿಂದ ನಾನು ಅವಳ ಜೊತೆ ಎಲ್ಲಿ ಬಂದಿದ್ದೆ? ಅವಳು ಸುಳ್ಳು ಹೇಳಿದಳು ಎಂದು ನನಗೆ ಅನ್ನಿಸಲಿಲ್ಲ.